‘ದಿ ಲಾಂಗ್ ಗುಡ್ ಫ್ರೈಡೇ’ ಚಿತ್ರದ ವಿಕ್ಟೋರಿಯಾ: ಒಂದು ಪಾತ್ರದ ಮರುನಿರ್ಮಾಣ

‘ಭೂಗತ ಲೋಕ’ ಎಂಬ ಮಾತು ನಮ್ಮ ಪತ್ರಿಕೆಗಳಲ್ಲಿಯೂ ಚಲನಚಿತ್ರ ವಿಮರ್ಶೆಯಲ್ಲಿಯೂ ಸಾಕಷ್ಟು ರೂಢಿಯಲ್ಲಿದೆ. ನೆಲದ ಅಡಿಯಲ್ಲಿ, ನಾಗರಿಕ ಸಮಾಜದ ಕಣ್ಣಿಗೆ ಬೀಳದಂತೆ ನಡೆಯುವ ವ್ಯವಹಾರ ಎಂಬ ಅರ್ಥ ಅದರಲ್ಲಿದೆ. ಜಾನ್ ಮೆಕೆಂಜಿ ನಿರ್ದೇಶಿಸಿದ, ಬ್ಯಾರಿ ಕೀಫ್ ಚಿತ್ರಕಥೆ ಬರೆದ ‘ದಿ ಲಾಂಗ್ ಗುಡ್ ಫ್ರೈಡೇ’ (೧೯೮೦) ಚಿತ್ರದ ನಾಯಕ ಹೆರಾಲ್ಡ್ ಶ್ಯಾಂಡ್‌ಗೆ ಈ ಮಾತು ಒಪ್ಪುವುದಿಲ್ಲ. ಹಾಡುಹಗಲಿನಲ್ಲಿ, ಥೇಮ್ಸ್ ನದಿಯ ಮೇಲೆ ಸಾಗುವ ತನ್ನ ವಿಹಾರನೌಕೆಯಲ್ಲಿ ನಿಂತು, ಟವರ್ ಬ್ರಿಜ್ ಅವನ ಬೆನ್ನ ಹಿಂದೆ ಇರುವಾಗ, ಅವನು ಲಂಡನ್ನಿನ ಭವಿಷ್ಯವನ್ನು ಕುರಿತು ಭಾಷಣ ಮಾಡುತ್ತಾನೆ. ಕೇಳುವವರಲ್ಲಿ ನಗರಾಡಳಿತದ ಸದಸ್ಯನಿದ್ದಾನೆ, ಪೊಲೀಸ್ ಅಧಿಕಾರಿಯಿದ್ದಾನೆ, ಅಮೆರಿಕದ ಮಾಫಿಯಾದಿಂದ ಬಂದ ಅತಿಥಿಗಳಿದ್ದಾರೆ. ಈ ಎಲ್ಲರನ್ನೂ ಬರಮಾಡಿಕೊಂಡು, ಯಾರ ಲೋಟ ಖಾಲಿಯಾಗಿದೆ, ಯಾರ ಮುಖ ಸಪ್ಪಗಾಗಿದೆ ಎಂಬುದನ್ನು ನೋಡಿಕೊಳ್ಳುತ್ತಿರುವವಳು ವಿಕ್ಟೋರಿಯಾ. ಹೆಲೆನ್ ಮಿರೆನ್ ನಿರ್ವಹಿಸಿದ ಈ ಪಾತ್ರವೇ ಪ್ರಸ್ತುತ ಲೇಖನದ ವಿಷಯ.

ಬ್ರಿಟಿಷ್ ಅಪರಾಧ ಚಿತ್ರಗಳನ್ನು ಕುರಿತ ಬರವಣಿಗೆಯಲ್ಲಿ ವಿಕ್ಟೋರಿಯಾಳನ್ನು ‘ಪ್ರಬಲ ಸ್ತ್ರೀಪಾತ್ರ’ ಎಂದು ಕರೆಯುವುದು ವಾಡಿಕೆಯಾಗಿದೆ. ಈ ವಿಶೇಷಣದ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ. ಗಂಡಿನಂತೆ ಹೊಡೆಯುವ, ಬೈಯುವ, ಬಂದೂಕು ಹಿಡಿಯುವ ಹೆಣ್ಣನ್ನು ನಮ್ಮ ವಿಮರ್ಶೆ ಬೇಗ ಗುರುತಿಸುತ್ತದೆ. ವಿಕ್ಟೋರಿಯಾ ಇಡೀ ಚಿತ್ರದಲ್ಲಿ ಯಾರನ್ನೂ ಹೊಡೆಯುವುದಿಲ್ಲ, ಆಯುಧ ಹಿಡಿಯುವುದಿಲ್ಲ. ಹಾಗಾದರೆ ಆಕೆಯ ಬಲ ಎಲ್ಲಿದೆ? ಅದು ಆಕೆ ಮಾಡುವ ಕೆಲಸದಲ್ಲಿದೆ ಎಂಬುದು ನನ್ನ ವಾದ. ಆ ಕೆಲಸದ ಸ್ವರೂಪವೇನು, ಅದು ಪಾತ್ರಕ್ಕೆ ದಕ್ಕಿದ್ದು ಹೇಗೆ, ಅದು ನಿರರ್ಥಕವಾಗುವುದು ಎಲ್ಲಿ ಎಂಬ ಪ್ರಶ್ನೆಗಳನ್ನು ಕೇಳಿಕೊಳ್ಳದೆ ಬರಿಯ ‘ಪ್ರಬಲ’ ಎಂದರೆ ಪಾತ್ರಕ್ಕೂ ನಟಿಗೂ ನ್ಯಾಯ ಸಲ್ಲುವುದಿಲ್ಲ.

ಚಿತ್ರದ ಕಾಲದೇಶಗಳನ್ನು ಮೊದಲು ಗಮನಿಸಬೇಕು. ಚಿತ್ರೀಕರಣ ನಡೆದದ್ದು ೧೯೭೯ರಲ್ಲಿ. ಮಾರ್ಗರೆಟ್ ಥ್ಯಾಚರ್ ಅಧಿಕಾರಕ್ಕೆ ಬಂದದ್ದು ಅದೇ ವರ್ಷದ ಮೇ ತಿಂಗಳಿನಲ್ಲಿ. ಹಡಗುಗಳು ಕಂಟೇನರುಗಳಿಗೆ ಬದಲಾದ ಮೇಲೆ ಲಂಡನ್ನಿನ ಪೂರ್ವಭಾಗದ ಹಳೆಯ ಹಡಗುಕಟ್ಟೆಗಳು ಒಂದೊಂದಾಗಿ ಮುಚ್ಚತೊಡಗಿದ್ದವು. ಸೇಂಟ್ ಕ್ಯಾಥರೀನ್ ಕಟ್ಟೆ ೧೯೬೮ರಲ್ಲಿ ಮುಚ್ಚಿತು. ರಾಯಲ್ ಕಟ್ಟೆಗಳು ೧೯೮೧ರಲ್ಲಿ. ಅದೇ ೧೯೮೧ರಲ್ಲಿ ಸರಕಾರ ಈ ಪ್ರದೇಶದ ಪುನರಭಿವೃದ್ಧಿಗಾಗಿ ಒಂದು ನಿಗಮವನ್ನು ಸ್ಥಾಪಿಸಿತು. ಅಂದರೆ ಬಂಡವಾಳ ಇಲ್ಲಿಗೆ ನುಗ್ಗುವ ಮುನ್ನವೇ ಹೆರಾಲ್ಡ್ ಆ ಪಾಳುಬಿದ್ದ ನೆಲದ ಮೇಲೆ ಕಣ್ಣಿಟ್ಟಿದ್ದಾನೆ. ಅಲ್ಲಿ ೧೯೮೮ರ ಒಲಿಂಪಿಕ್ಸ್ ನಡೆಸುವ ಕನಸನ್ನೂ ಅವನು ಕಾಣುತ್ತಾನೆ. ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡ್‌ನಲ್ಲಿ ಒಲಿಂಪಿಕ್ಸ್ ನಿಜಕ್ಕೂ ನಡೆದದ್ದು ೨೦೧೨ರಲ್ಲಿ. ಚಿತ್ರಕಥೆಗಾರ ಕೀಫ್ ಅದೇ ಸ್ಟ್ರಾಟ್‌ಫರ್ಡ್‌ನ ಸ್ಥಳೀಯ ಪತ್ರಿಕೆಯೊಂದರಲ್ಲಿ ವರದಿಗಾರರಾಗಿದ್ದವರು ಎಂಬುದನ್ನು ನೆನೆದರೆ ಈ ಮುಂಗಾಣ್ಕೆ ಆಕಸ್ಮಿಕವೆನಿಸುವುದಿಲ್ಲ.

ಕಥೆ ಒಂದೇ ದಿನದ ಸುತ್ತ ಹೆಣೆದುಕೊಂಡಿದೆ. ಶುಭ ಶುಕ್ರವಾರದಂದು ಹೆರಾಲ್ಡ್‌ನ ತಾಯಿಯನ್ನು ಚರ್ಚಿಗೆ ಕರೆದೊಯ್ದ ಕಾರು ಸಿಡಿಯುತ್ತದೆ. ಆಪ್ತ ಕಾಲಿನ್ ಈಜುಕೊಳದ ಬಳಿ ಇರಿತಕ್ಕೊಳಗಾಗಿ ಸಾಯುತ್ತಾನೆ. ಜೂಜುಮನೆಯಲ್ಲಿ ಬಾಂಬು ಸಿಗುತ್ತದೆ. ಅತಿಥಿಗಳನ್ನು ಊಟಕ್ಕೆ ಕರೆದೊಯ್ಯಬೇಕೆಂದಿದ್ದ ಮದ್ಯದಂಗಡಿ ಅವರ ಕಣ್ಣೆದುರಿಗೇ ಧ್ವಂಸವಾಗುತ್ತದೆ. ಆ ಅಂಗಡಿಯ ಹೆಸರು ‘ಲಯನ್ ಅಂಡ್ ಯೂನಿಕಾರ್ನ್’. ಬ್ರಿಟಿಷ್ ರಾಜಲಾಂಛನದ ಎರಡು ಪ್ರಾಣಿಗಳು ಹೀಗೆ ಚೂರಾಗುವುದನ್ನು ವಿವರಿಸಿ ಹೇಳುವ ಗೋಜಿಗೆ ಚಿತ್ರ ಹೋಗುವುದಿಲ್ಲ. ಶತ್ರು ಯಾರೆಂಬುದು ಹೆರಾಲ್ಡ್‌ಗೆ ಗೊತ್ತಿಲ್ಲ. ಕೊನೆಗೆ ತಿಳಿಯುವುದೇನೆಂದರೆ, ಅವನ ಬಲಗೈಯಾದ ಜೆಫ್, ಭ್ರಷ್ಟ ಸದಸ್ಯ ಹ್ಯಾರಿಸ್‌ನ ಸಲುವಾಗಿ ಉತ್ತರ ಐರ್ಲೆಂಡಿಗೆ ಹಣ ಕಳುಹಿಸಿದ್ದ; ಆ ವ್ಯವಹಾರ ಕೆಟ್ಟು, ಐರಿಷ್ ರಿಪಬ್ಲಿಕನ್ ಆರ್ಮಿಯ ಸೇಡು ಹೆರಾಲ್ಡ್‌ನ ತಲೆಯ ಮೇಲೆ ಬಿದ್ದಿದೆ.

ಬ್ರಿಟಿಷ್ ಅಪರಾಧ ಚಿತ್ರಪರಂಪರೆಯಲ್ಲಿ ಹೆಣ್ಣಿಗೆ ಅಲ್ಲಿಯವರೆಗೆ ದೊರೆತ ಸ್ಥಾನವನ್ನು ನೋಡಿದರೆ ವಿಕ್ಟೋರಿಯಾಳ ಹೊಸತನ ತಿಳಿಯುತ್ತದೆ. ೧೯೪೭ರ ‘ಬ್ರೈಟನ್ ರಾಕ್’ ಚಿತ್ರದ ರೋಸ್ ತನ್ನನ್ನು ದ್ವೇಷಿಸುವ ಗಂಡನನ್ನು ಕೊನೆಯವರೆಗೂ ನಂಬುವ ಹುಡುಗಿ. ಅದೇ ಚಿತ್ರದಲ್ಲಿ ಕೊಲೆಗಾರನ ಬೆನ್ನುಹತ್ತುವ ಐಡಾ ಎಂಬ ಗಟ್ಟಿಗಿತ್ತಿಯೂ ಇದ್ದಾಳೆ, ಅವಳನ್ನು ಮರೆಯಬಾರದು. ಆದರೆ ಆಕೆ ಗುಂಪಿನ ಹೊರಗಿನವಳು. ೧೯೭೧ರ ‘ಗೆಟ್ ಕಾರ್ಟರ್’ ಚಿತ್ರಕ್ಕೆ ಬರುವ ಹೊತ್ತಿಗೆ ಸ್ಥಿತಿ ಇನ್ನಷ್ಟು ಹದಗೆಟ್ಟಿದೆ. ಅಲ್ಲಿಯ ಒಬ್ಬ ಹೆಣ್ಣು ಕಾರಿನ ಡಿಕ್ಕಿಯೊಳಗೆ ಸಿಕ್ಕಿಕೊಂಡೇ ನೀರುಪಾಲಾಗುತ್ತಾಳೆ; ಇನ್ನೊಬ್ಬಳಿಗೆ ನಾಯಕನೇ ಸೂಜಿ ಚುಚ್ಚಿ ಕೊಲ್ಲುತ್ತಾನೆ. ಅಮೆರಿಕದ ‘ದಿ ಗಾಡ್‌ಫಾದರ್’ (೧೯೭೨) ತನ್ನ ಕೊನೆಯ ದೃಶ್ಯದಲ್ಲಿ ಕೇ ಎಂಬ ಹೆಂಡತಿಯ ಮುಖಕ್ಕೆ ಬಾಗಿಲು ಮುಚ್ಚುತ್ತದೆ. ಒಳಗೆ ಗಂಡಸರ ವ್ಯವಹಾರ, ಹೊರಗೆ ಏನೂ ತಿಳಿಯದ ಹೆಂಡತಿ. ವಿಕ್ಟೋರಿಯಾ ಬಾಗಿಲಿನ ಒಳಗೆ ಇರುವವಳು. ಹೆರಾಲ್ಡ್‌ಗೆ ಯಾರ ಜೊತೆ ಎಂಥ ಒಪ್ಪಂದವಿದೆ ಎಂಬುದು ಆಕೆಗೆ ಗೊತ್ತು. ಅದರಲ್ಲಿ ಆಕೆಯ ಪಾಲೂ ಇದೆ.

ಈ ಸ್ಥಾನ ಪಾತ್ರಕ್ಕೆ ಮೊದಲೇ ಇದ್ದದ್ದಲ್ಲ. ಮೊದಲ ಬರವಣಿಗೆಯಲ್ಲಿ ವಿಕ್ಟೋರಿಯಾ ಗುಂಪಿನ ನಾಯಕನ ತೋಳಿಗೆ ಜೋತುಬಿದ್ದ ಅಲಂಕಾರದ ಹೆಣ್ಣಾಗಿದ್ದಳು ಎಂದು ಮಿರೆನ್ ಅನಂತರದ ಸಂದರ್ಶನಗಳಲ್ಲಿ ಹೇಳಿದ್ದಾರೆ. ಚಿತ್ರೀಕರಣದ ಸಂದರ್ಭದಲ್ಲಿ ಅವರು ಈ ಬಗ್ಗೆ ವಾದಿಸಿ, ಪಾತ್ರದ ಹಿನ್ನೆಲೆ, ಮಾತು, ಚಲನವಲನಗಳನ್ನು ಬದಲಿಸುವಂತೆ ಮಾಡಿದರು. ಚಲನಚಿತ್ರದ ಕರ್ತೃತ್ವವನ್ನು ನಾವು ಸಾಮಾನ್ಯವಾಗಿ ನಿರ್ದೇಶಕನ ಹೆಸರಿಗೆ, ಕೆಲವೊಮ್ಮೆ ಲೇಖಕನ ಹೆಸರಿಗೆ ಬರೆಯುತ್ತೇವೆ. ನಟಿಯ ಪಾಲನ್ನು ‘ಅಭಿನಯ’ ಎಂಬ ಕಟ್ಟಿನೊಳಗೆ ಇಟ್ಟುಬಿಡುತ್ತೇವೆ. ವಿಕ್ಟೋರಿಯಾಳ ವಿಷಯದಲ್ಲಿ ಈ ವಿಂಗಡಣೆ ಸಾಲದು. ಬರೆದವರು ಕೊಟ್ಟ ಮಾತನ್ನು ಚೆನ್ನಾಗಿ ಆಡುವುದು ಒಂದು ಕೆಲಸ. ಈ ಮಾತು ಈ ಹೆಣ್ಣು ಆಡತಕ್ಕದ್ದಲ್ಲ ಎಂದು ನಿರಾಕರಿಸುವುದು ಇನ್ನೊಂದು. ಎರಡನೆಯದಕ್ಕೆ ನಮ್ಮ ಚಲನಚಿತ್ರ ಚರಿತ್ರೆಗಳಲ್ಲಿ ಕಲಮೇ ಇಲ್ಲ. ಎಷ್ಟು ನಟಿಯರ ಎಂಥೆಂಥ ನಿರಾಕರಣೆಗಳು ಹೀಗೆ ದಾಖಲಾಗದೆ ಹೋಗಿವೆಯೋ ಹೇಳಬಲ್ಲವರಾರು?

ಇಲ್ಲಿ ಮಿರೆನ್ ಅವರ ರಂಗಭೂಮಿಯ ಅನುಭವವನ್ನು ಗಮನಿಸಬೇಕು. ೧೯೭೪ರಲ್ಲಿ ಅವರು ರಾಯಲ್ ಶೇಕ್ಸ್‌ಪಿಯರ್ ಕಂಪನಿಯ ಪ್ರಯೋಗದಲ್ಲಿ ಲೇಡಿ ಮ್ಯಾಕ್‌ಬೆತ್ ಪಾತ್ರ ವಹಿಸಿದ್ದರು. ಡಿ.ವಿ.ಜಿ. ಅವರ ಅನುವಾದದ ಮೂಲಕ ಕನ್ನಡಕ್ಕೂ ಬಂದ ಆ ನಾಟಕದ ಔತಣದ ದೃಶ್ಯ ಬಲ್ಲವರಿಗೆ ಈ ಚಿತ್ರದ ಮಧ್ಯಭಾಗ ಅಪರಿಚಿತವೆನಿಸದು. ಅಲ್ಲಿ ದೊರೆ ಯಾರಿಗೂ ಕಾಣದ ಪ್ರೇತವನ್ನು ಕಂಡು ಕಂಗೆಡುತ್ತಾನೆ. ರಾಣಿ ಅತಿಥಿಗಳನ್ನು ಸಂಭಾಳಿಸಿ, ಅವನಿಗೆ ಇದು ಹಳೆಯ ಕಾಯಿಲೆಯೆಂದು ನೆಪ ಹೇಳಿ, ಕೊನೆಗೆ ಎಲ್ಲರನ್ನೂ ಸಾಗಹಾಕುತ್ತಾಳೆ. ಇಲ್ಲಿ ಹೆರಾಲ್ಡ್ ಕಾಣದ ಶತ್ರುವಿನ ಹಿಂದೆ ಊರೆಲ್ಲ ಅಲೆಯುತ್ತಾನೆ. ವಿಕ್ಟೋರಿಯಾ ಅತಿಥಿಗಳ ಬಳಿ ಉಳಿಯುತ್ತಾಳೆ. ನಟಿ ಆ ಹಳೆಯ ಪಾತ್ರವನ್ನು ನೆನೆದು ಇದನ್ನು ಕಟ್ಟಿದರೆಂದು ನಾನು ಹೇಳುತ್ತಿಲ್ಲ. ಎರಡು ಸನ್ನಿವೇಶಗಳ ರಚನೆ ಒಂದೇ ಎನ್ನುವುದಷ್ಟೇ ನನ್ನ ಮಾತು.

ಆಕೆಯ ಕೆಲಸ ಎಂದೆನಷ್ಟೆ. ಹೆರಾಲ್ಡ್ ಪ್ರತಿಸ್ಪರ್ಧಿ ನಾಯಕರನ್ನು ಹಿಡಿತರಿಸಿ, ಕಸಾಯಿಖಾನೆಯ ಕೊಕ್ಕೆಗಳಿಗೆ ತಲೆಕೆಳಗಾಗಿ ನೇತುಹಾಕಿ ವಿಚಾರಣೆ ನಡೆಸುವ ದೃಶ್ಯ ಬಹಳ ಪ್ರಸಿದ್ಧವಾದುದು. ಆ ವಿಚಾರಣೆಯಿಂದ ಅವನಿಗೆ ಸಿಗುವ ಮಾಹಿತಿ ಸೊನ್ನೆ ಎಂಬುದನ್ನು ಮಾತ್ರ ಅದನ್ನು ಹೊಗಳುವವರು ನೆನಪಿಡುವುದಿಲ್ಲ. ಅವನು ಹೀಗೆ ಗಂಡಸುತನ ಮೆರೆಯುತ್ತಿರುವಾಗ ವಿಕ್ಟೋರಿಯಾ ಚಾರ್ಲಿ ಎಂಬ ಮಾಫಿಯಾ ಪ್ರತಿನಿಧಿಯನ್ನೂ ಅವನ ವಕೀಲ ಟೋನಿಯನ್ನೂ ಊರು ಬಿಟ್ಟು ಹೋಗದಂತೆ ಹಿಡಿದಿಡಬೇಕಾಗಿದೆ. (ಚಾರ್ಲಿಯಾಗಿ ನಟಿಸಿದ ಎಡ್ಡಿ ಕಾನ್‌ಸ್ಟಂಟೈನ್, ಗೊದಾರ್‌ರ ‘ಆಲ್ಫಾವಿಲ್’ ಚಿತ್ರದ ಪತ್ತೇದಾರ. ಆ ಜಡ್ಡುಗಟ್ಟಿದ ಮುಖದಿಂದ ಒಪ್ಪಿಗೆ ಪಡೆಯುವುದು ಎಷ್ಟು ಕಷ್ಟವೆಂಬುದು ಆ ನಟನ ಆಯ್ಕೆಯಿಂದಲೇ ತಿಳಿಯುತ್ತದೆ.) ಬಾಂಬು ಸಿಡಿದದ್ದನ್ನು ಕಂಡವರಿಗೆ ಏನೂ ಆಗಿಲ್ಲವೆಂದು ಹೇಳಿ ನಂಬಿಸಲಾಗದು. ಆಗ ಆಕೆ ಆರಿಸಿಕೊಳ್ಳುವ ದಾರಿ ಸತ್ಯದ್ದು, ಅಂದರೆ ಅಳೆದು ಕೊಟ್ಟ ಸತ್ಯದ್ದು. ಯಾರೋ ನಮ್ಮ ಮೇಲೆ ದಾಳಿ ಮಾಡುತ್ತಿದ್ದಾರೆ, ಯಾರೆಂದು ಇನ್ನೂ ತಿಳಿದಿಲ್ಲ, ಹೆರಾಲ್ಡ್ ಅದನ್ನು ಬೇಗನೆ ಬಗೆಹರಿಸುತ್ತಾನೆ ಎಂದು ಒಪ್ಪಿಕೊಂಡು ಅವರಿಂದ ಸ್ವಲ್ಪ ಕಾಲಾವಕಾಶ ಗಳಿಸುತ್ತಾಳೆ. ಕೊಕ್ಕೆಗಳಿಂದ ಹೆರಾಲ್ಡ್‌ಗೆ ದೊರೆಯದದ್ದು ಊಟದ ಮೇಜಿನ ಮಾತಿನಿಂದ ಆಕೆಗೆ ದೊರೆಯಿತು. ರಾಜನೀತಿಯ ಹಳೆಯ ಪರಿಭಾಷೆಯಲ್ಲಿ ಹೇಳುವುದಾದರೆ ದಂಡ ಸೋತಲ್ಲಿ ಸಾಮ ಕೆಲಸ ಮಾಡಿದೆ.

ಇಂಥ ದೃಶ್ಯಗಳಲ್ಲಿ ಮಿರೆನ್ ಅವರ ಅಭಿನಯದ ಸೂಕ್ಷ್ಮತೆ ವಿಶೇಷವಾದುದು. ಅವರ ವಿಕ್ಟೋರಿಯಾ ಅತಿಥಿಗಳತ್ತ ನಗುತ್ತಿದ್ದರೂ ಕಣ್ಣು ಹೆರಾಲ್ಡ್ ಹೋದ ದಿಕ್ಕನ್ನು ಅಳೆಯುತ್ತಿರುತ್ತದೆ. ಅವನ ದನಿ ಏರಿದಾಗ ಆಕೆಯ ದನಿ ಇಳಿಯುತ್ತದೆ. ಬಾಬ್ ಹಾಸ್ಕಿನ್ಸ್ ಅವರ ಹೆರಾಲ್ಡ್ ಗುಂಡಗಿನ, ಗಿಡ್ಡ ದೇಹದ, ಪ್ರತಿಕ್ಷಣವೂ ಸಿಡಿಯಲು ಸಿದ್ಧನಾಗಿರುವ ಮನುಷ್ಯ. ಅವನ ಪಕ್ಕದಲ್ಲಿ ಆಕೆ ಹೆಚ್ಚು ಚಲಿಸದೆ ನಿಲ್ಲುವುದರಿಂದಲೇ ಇಬ್ಬರ ನಡುವಿನ ಒಡಂಬಡಿಕೆ ಪ್ರೇಕ್ಷಕನಿಗೆ ಅರ್ಥವಾಗುತ್ತದೆ. ಇವರಿಬ್ಬರಲ್ಲಿ ಪ್ರೀತಿಯೂ ಇದೆ ಎಂಬುದನ್ನು ಚಿತ್ರ ಅನುಮಾನಕ್ಕೆ ಎಡೆಯಿಲ್ಲದಂತೆ ತೋರಿಸುತ್ತದೆ. ಅಪರಾಧ ಚಿತ್ರಗಳಲ್ಲಿ ಇದು ಅಪರೂಪ. ಹೆರಾಲ್ಡ್ ಆಕೆಯ ಸಲಹೆಯನ್ನು ಕೇಳುತ್ತಾನೆ. ಕೆಲವೊಮ್ಮೆ ಕೇಳದೆ ಕೆಡುತ್ತಾನೆ.

ಮುಖ್ಯವಾದ ಇನ್ನೊಂದು ಸಂಗತಿ ಮಾತಿನ ಧಾಟಿಗೆ ಸಂಬಂಧಿಸಿದ್ದು. ಹೆರಾಲ್ಡ್ ಆಡುವುದು ಪೂರ್ವ ಲಂಡನ್ನಿನ ದುಡಿಯುವ ವರ್ಗದ ಕಾಕ್ನಿ ಇಂಗ್ಲಿಷ್. ವಿಕ್ಟೋರಿಯಾ ಆಡುವುದು ಖಾಸಗಿ ಶಾಲೆಗಳಲ್ಲಿ ಕಲಿತ, ಮೇಲ್ವರ್ಗದ ಇಂಗ್ಲಿಷ್. ಇಂಗ್ಲೆಂಡಿನಲ್ಲಿ ಒಬ್ಬನ ವರ್ಗ ಅವನ ಬಾಯಿ ತೆರೆದೊಡನೆ ಗೊತ್ತಾಗುತ್ತದೆ. ಹೆರಾಲ್ಡ್ ಹಣದಿಂದ ರೋಲ್ಸ್ ರಾಯ್ಸ್ ಕೊಂಡಿದ್ದಾನೆ, ವಿಹಾರನೌಕೆ ಕೊಂಡಿದ್ದಾನೆ, ಕಾಂಕಾರ್ಡ್ ವಿಮಾನದಲ್ಲಿ ಬಂದಿಳಿಯುತ್ತಾನೆ. ಆದರೆ ಈ ಧಾಟಿಯನ್ನು ಕೊಳ್ಳಲಾರ. ಅವನು ತನ್ನ ಗುಂಪನ್ನು ‘ಕಾರ್ಪೊರೇಷನ್’ ಎಂದು ಕರೆದುಕೊಂಡರೆ ಸಾಲದು, ಆ ಹೆಸರಿಗೆ ತಕ್ಕ ಮಾತೊಂದು ಬೇಕು. ಆ ಮಾತು ವಿಕ್ಟೋರಿಯಾಳದು. ಅವನ ಕೊಳ್ಳೆಯ ಹಣ ಸಭ್ಯ ಬಂಡವಾಳವಾಗಿ ಮಾರ್ಪಡುವುದು ಆಕೆಯ ನಾಲಿಗೆಯ ಮೇಲೆ. ಕುತೂಹಲದ ವಿಷಯವೆಂದರೆ ಈ ಮೇಲ್ವರ್ಗದ ದನಿ ನಟಿಗೂ ಹುಟ್ಟಿನಿಂದ ಬಂದದ್ದಲ್ಲ. ಮಿರೆನ್ ಅವರ ತಂದೆ ರಷ್ಯನ್ ಮೂಲದ ಮಿರೊನಾಫ್ ಮನೆತನದವರು, ಬಾಡಿಗೆ ಕಾರು ಓಡಿಸಿದವರು. ತಾಯಿ ಪೂರ್ವ ಲಂಡನ್ನಿನ ದುಡಿಯುವ ವರ್ಗದವರು. ವಿಕ್ಟೋರಿಯಾಳ ಮಾತಿನಲ್ಲಿ ಒಂದು ಬಗೆಯ ಎಚ್ಚರ ಸದಾ ಕೇಳಿಸುವುದಕ್ಕೆ, ಆ ಧಾಟಿಯನ್ನು ಒಂದು ಸಲಕರಣೆಯೆಂಬಂತೆ ಆಕೆ ಬಳಸುವುದಕ್ಕೆ, ಇದೂ ಒಂದು ಕಾರಣವಿರಬಹುದು.

ಈ ಹಿನ್ನೆಲೆಯಲ್ಲಿ ಚಿತ್ರದ ಬಿಡುಗಡೆಯ ಕಥೆಯನ್ನು ಓದಬೇಕು. ಚಿತ್ರವನ್ನು ನಿರ್ಮಿಸಿದ್ದು ಲ್ಯೂ ಗ್ರೇಡ್ ಅವರ ಸಂಸ್ಥೆಗೆ ಸೇರಿದ ಬ್ಲ್ಯಾಕ್ ಲಯನ್ ಫಿಲ್ಮ್ಸ್. ಐರಿಷ್ ಹೋರಾಟಗಾರರು ಗೆಲ್ಲುವಂತೆ ಕಾಣುವ ಈ ಕಥೆಯ ಬಗ್ಗೆ ಗ್ರೇಡ್‌ಗೆ ಅಸಮಾಧಾನವಿತ್ತು. ಅದನ್ನು ಕತ್ತರಿಸಿ ದೂರದರ್ಶನದಲ್ಲಿ ತೋರಿಸುವ ಆಲೋಚನೆ ನಡೆಯಿತು. ಜೊತೆಗೆ, ಕಾಕ್ನಿ ಮಾತು ಅಮೆರಿಕದ ಪ್ರೇಕ್ಷಕರಿಗೆ ತಿಳಿಯದೆಂದು ಹಾಸ್ಕಿನ್ಸ್ ಅವರ ದನಿಯನ್ನು ತೆಗೆದು ಬೇರೊಬ್ಬ ನಟನ ದನಿ ಸೇರಿಸುವ ಪ್ರಯತ್ನವೂ ಆಯಿತು. ಡಬ್ಬಿಂಗ್ ಕುರಿತು ದಶಕಗಳ ಕಾಲ ವಾದಿಸಿದ ಕನ್ನಡಿಗರಿಗೆ ಇದೊಂದು ವಿಚಿತ್ರ ಪ್ರಕರಣವಾಗಿ ಕಾಣಬಹುದು: ಒಂದೇ ಭಾಷೆಯಿಂದ ಅದೇ ಭಾಷೆಗೆ ಡಬ್ಬಿಂಗ್! ಹಾಸ್ಕಿನ್ಸ್ ಇದರ ವಿರುದ್ಧ ನ್ಯಾಯಾಲಯಕ್ಕೆ ಹೋಗಲು ಸಿದ್ಧರಾದರು. ಕೊನೆಗೆ ಬೀಟಲ್ಸ್ ಖ್ಯಾತಿಯ ಜಾರ್ಜ್ ಹ್ಯಾರಿಸನ್ ಪಾಲುದಾರರಾಗಿದ್ದ ಹ್ಯಾಂಡ್‌ಮೇಡ್ ಫಿಲ್ಮ್ಸ್ ಚಿತ್ರವನ್ನು ಕೊಂಡು ೧೯೮೧ರಲ್ಲಿ ಅದನ್ನು ಮೂಲರೂಪದಲ್ಲಿಯೇ ತೆರೆಗೆ ತಂದಿತು. ಈ ಪ್ರಕರಣವನ್ನು ಎಲ್ಲರೂ ಹಾಸ್ಕಿನ್ಸ್ ಅವರಿಗಾಗಬಹುದಾಗಿದ್ದ ಅನ್ಯಾಯವೆಂದು ವಿವರಿಸುತ್ತಾರೆ. ಅದು ನಿಜವೇ. ಆದರೆ ಹೆರಾಲ್ಡ್‌ನ ಮಾತಿನ ಒರಟು ಸವೆದುಹೋಗಿದ್ದರೆ ವಿಕ್ಟೋರಿಯಾಳ ಅಗತ್ಯವೂ ಅದರೊಡನೆ ಹೋಗುತ್ತಿತ್ತು. ಇಬ್ಬರೂ ಒಂದೇ ಧಾಟಿಯಲ್ಲಿ ಮಾತನಾಡುವ ಚಿತ್ರದಲ್ಲಿ ಆಕೆ ಮತ್ತೆ ತೋಳಿಗೆ ಜೋತುಬಿದ್ದ ಚೆಲುವೆಯಾಗಿಬಿಡುತ್ತಿದ್ದಳು. ನಟಿ ವಾದಿಸಿ ಗಳಿಸಿದ್ದನ್ನು ಧ್ವನಿಮುದ್ರಣ ಕೊಠಡಿ ಒಂದೇ ದಿನದಲ್ಲಿ ಅಳಿಸಿಹಾಕಬಹುದಾಗಿತ್ತು.

ಹೆಸರುಗಳ ಬಗ್ಗೆಯೂ ಒಂದು ಮಾತು. ೧೦೬೬ರಲ್ಲಿ ಕಡಲಾಚೆಯಿಂದ ಬಂದ ನಾರ್ಮನ್ನರಿಗೆ ಸೋತು ಸತ್ತ ಇಂಗ್ಲೆಂಡಿನ ದೊರೆ ಹೆರಾಲ್ಡ್. ವಿಕ್ಟೋರಿಯಾ ಸಾಮ್ರಾಜ್ಯದ ಉತ್ತುಂಗ ಕಾಲದ ರಾಣಿ. ಬರೆದವರ ಮನಸ್ಸಿನಲ್ಲಿ ಇದು ಇತ್ತೋ ಇಲ್ಲವೋ, ತಾನು ಇಂಗ್ಲೆಂಡೇ ಎಂಬಂತೆ ಭಾಷಣ ಮಾಡುವ ಗೂಂಡಾನೊಬ್ಬನ ಪಕ್ಕದಲ್ಲಿ ಈ ಹೆಸರಿನ ಹೆಣ್ಣು ನಿಂತಿರುವುದು ವ್ಯಂಗ್ಯವನ್ನು ಗಾಢವಾಗಿಸುತ್ತದೆ. ಇದಕ್ಕಿಂತ ಹೆಚ್ಚಿನ ಭಾರವನ್ನು ಹೆಸರುಗಳ ಮೇಲೆ ಹೇರಬೇಕಾಗಿಲ್ಲ.

ಚಿತ್ರದಲ್ಲಿ ಇನ್ನಿಬ್ಬರು ಹೆಂಗಸರಿದ್ದಾರೆ, ಮತ್ತು ಅವರಿಬ್ಬರೂ ಹೆರಾಲ್ಡ್‌ಗಿಂತ ಮುಂಚೆ ಘಟನೆಗಳಿಗೆ ತಾಗಿಕೊಂಡವರು. ಆರಂಭದ ಭಾಗದಲ್ಲಿಯೇ ಕಪ್ಪು ಉಡುಪಿನ ವಿಧವೆಯೊಬ್ಬಳು ಜೆಫ್‌ನ ಮುಖಕ್ಕೆ ಉಗುಳುತ್ತಾಳೆ. ಏಕೆಂದು ಪ್ರೇಕ್ಷಕನಿಗೆ ತಿಳಿಯುವುದು ಎಷ್ಟೋ ಹೊತ್ತಿನ ಮೇಲೆ. ಆಕೆಯ ಗಂಡ ಫಿಲ್, ಬೆಲ್‌ಫಾಸ್ಟಿಗೆ ಹಣ ಒಯ್ದು ಹೆಣವಾದವನು. ಹೆರಾಲ್ಡ್ ಇಡೀ ಲಂಡನ್ನನ್ನು ಜಾಲಾಡಿ ಹುಡುಕುವ ರಹಸ್ಯ ಅವಳ ಆ ಒಂದು ಉಗುಳಿನಲ್ಲಿದೆ. ಇನ್ನೊಬ್ಬಳು ಹೆರಾಲ್ಡ್‌ನ ತಾಯಿ; ಕಾರು ಸಿಡಿದಾಗ ಆಕೆ ಚರ್ಚಿನೊಳಗಿದ್ದುದರಿಂದ ಬದುಕುಳಿಯುತ್ತಾಳೆ. ಗಂಡಸರ ಲೆಕ್ಕಾಚಾರದ ಬೆಲೆ ಮೊದಲು ಬಂದು ತಟ್ಟುವುದು ಈ ಹೆಂಗಸರ ಬಾಗಿಲಿಗೆ. ವಿಕ್ಟೋರಿಯಾ ಅವರಿಗಿಂತ ಬಲಶಾಲಿಯಾದರೂ ಆ ಸಾಲಿನಿಂದ ಪೂರ್ತಿ ಹೊರಗಿನವಳಲ್ಲ.

ಈ ಪಾತ್ರಚಿತ್ರಣದ ಮಿತಿಗಳನ್ನೂ ಹೇಳಬೇಕು. ಲಿಫ್ಟಿನ ಇಕ್ಕಟ್ಟಿನಲ್ಲಿ ಜೆಫ್ ತನ್ನ ಕಾಮನೆಯನ್ನು ವಿಕ್ಟೋರಿಯಾಳೆದುರು ಬತ್ತಲಾಗಿ ಆಡಿಬಿಡುವ ಒಂದು ಚಿಕ್ಕ ದೃಶ್ಯವಿದೆ. ಆಕೆ ಅದನ್ನು ರಂಪ ಮಾಡುವುದಿಲ್ಲ. ಈ ದೃಶ್ಯವನ್ನು ಅನೇಕರು ಆಕೆಯ ಸಂಯಮಕ್ಕೆ ಉದಾಹರಣೆಯಾಗಿ ಕೊಡುತ್ತಾರೆ. ನನಗೆ ಅದು ಹಳೆಯ ಚಿತ್ರಕಥೆಯ ಉಳಿಕೆಯಂತೆ ಕಾಣುತ್ತದೆ. ಬುದ್ಧಿವಂತ ಹೆಣ್ಣು ಎಷ್ಟೇ ಕೆಲಸ ಮಾಡಿದರೂ ಗಂಡಸರ ನಡುವಿನ ಆಸೆಯ ವಸ್ತುವೆಂಬುದನ್ನು ಒಮ್ಮೆಯಾದರೂ ನೆನಪಿಸಬೇಕೆಂಬ ಹಟ ಅದರಲ್ಲಿದೆ. ಕಥೆಗೆ ಅದರಿಂದ ಆಗುವ ಪ್ರಯೋಜನ ಅಲ್ಪ. ಇನ್ನೊಂದು ಸಂದರ್ಭದಲ್ಲಿ ವಿಕ್ಟೋರಿಯಾ ಭಯದಿಂದ ಕುಸಿದು ಅಳುತ್ತಾಳೆ, ಹೆರಾಲ್ಡ್ ಆಕೆಯನ್ನು ತಬ್ಬಿಕೊಳ್ಳುತ್ತಾನೆ. ಇದನ್ನು ಪಾತ್ರದ ದೌರ್ಬಲ್ಯವೆಂದು ಕರೆಯುವವರೊಡನೆ ಮಾತ್ರ ನನಗೆ ಸಹಮತವಿಲ್ಲ. ಆ ಹೊತ್ತಿಗೆ ಪರಿಸ್ಥಿತಿಯ ನಿಜವನ್ನು ಅರಿತಿರುವವಳು ಆಕೆ. ಹೆರಾಲ್ಡ್ ಅಳುವುದಿಲ್ಲವೆಂದರೆ ಅವನು ಧೈರ್ಯವಂತನೆಂದಲ್ಲ, ಅವನಿಗೆ ಇನ್ನೂ ಅರ್ಥವಾಗಿಲ್ಲವೆಂದು.

ಅರ್ಥವಾಗದ್ದು ಯಾವುದು? ತನ್ನ ಎದುರಾಳಿ ವ್ಯಾಪಾರಿಯಲ್ಲ ಎಂಬುದು. ಹೆರಾಲ್ಡ್‌ಗೆ ಲೋಕದಲ್ಲಿ ಎರಡೇ ಬಗೆಯ ಜನ, ಹಣಕ್ಕೆ ಬಗ್ಗುವವರು ಮತ್ತು ಹೊಡೆತಕ್ಕೆ ಬಗ್ಗುವವರು. ಇವೆರಡಕ್ಕೂ ಬಗ್ಗದ, ಒಂದು ರಾಜಕೀಯ ಗುರಿಗಾಗಿ ಸಾಯಲೂ ಸಿದ್ಧರಾದವರ ಬಗ್ಗೆ ಜೆಫ್ ಎಚ್ಚರಿಸಲು ಹೋದಾಗ ಹೆರಾಲ್ಡ್ ಒಡೆದ ಸೀಸೆಯಿಂದ ಅವನನ್ನೇ ಕೊಂದುಬಿಡುತ್ತಾನೆ. ಆಮೇಲೆ ಹಣ ಕೊಡುವ ನೆಪದಲ್ಲಿ ಮೋಟಾರು ಪಂದ್ಯದ ಮೈದಾನಕ್ಕೆ ಹೋರಾಟಗಾರರನ್ನು ಕರೆಸಿ ಕೊಲ್ಲಿಸುತ್ತಾನೆ, ಎಲ್ಲ ಮುಗಿಯಿತೆಂದು ತಿಳಿಯುತ್ತಾನೆ. ಇಲ್ಲಿ ವಿಕ್ಟೋರಿಯಾಳ ಮಿತಿಯೂ ಬಯಲಾಗುತ್ತದೆ. ಆಕೆಯ ಸಾಮ, ಆತಿಥ್ಯ, ಅಳೆದ ಸತ್ಯ ಇವೆಲ್ಲ ಮೇಜಿಗೆ ಬಂದು ಕುಳಿತವರ ಮೇಲೆ ಮಾತ್ರ ಕೆಲಸ ಮಾಡಬಲ್ಲವು. ಈ ಶತ್ರು ಮೇಜಿಗೇ ಬರುವುದಿಲ್ಲ. ಚಿತ್ರದ ಬಹುಪಾಲು ಅವನಿಗೆ ಮಾತೇ ಇಲ್ಲ. ಹೆರಾಲ್ಡ್‌ನ ಕೊಕ್ಕೆಯೂ ವಿಕ್ಟೋರಿಯಾಳ ಔತಣವೂ ಒಂದೇ ವ್ಯಾಪಾರದ ಎರಡು ಕೈಗಳಾಗಿದ್ದವು. ವ್ಯಾಪಾರವೇ ನಡೆಯದ ಕಡೆ ಎರಡೂ ಒಟ್ಟಿಗೆ ನಿಂತುಹೋಗುತ್ತವೆ. ಇಲ್ಲಿ ಚಿತ್ರದ ಮೇಲೆ ಒಂದು ಆಕ್ಷೇಪಣೆಯೂ ಸಾಧ್ಯ. ಐರ್ಲೆಂಡಿನ ಪ್ರಶ್ನೆಯ ಚರಿತ್ರೆಗೆ ಅದು ಕೈ ಹಾಕದೆ, ಹೋರಾಟಗಾರರನ್ನು ವಿಧಿಯಂತೆ, ಮುಖವಿಲ್ಲದ ಬಲದಂತೆ ತೋರಿಸಿಬಿಟ್ಟಿದೆ. ಲಂಡನ್ನಿನ ಕಣ್ಣಿಗೆ ಅವರು ಹಾಗೆಯೇ ಕಂಡರು ಎಂಬುದು ಈ ಆಕ್ಷೇಪಣೆಗೆ ಅರ್ಧ ಉತ್ತರ ಮಾತ್ರ.

ವಿಕ್ಟೋರಿಯಾಳ ನಂತರ ಬ್ರಿಟಿಷ್ ತೆರೆಯ ಮೇಲೆ ಅಪರಾಧಲೋಕದ ಹೆಣ್ಣು ಬದಲಾದಳು. ೧೯೮೩ರಲ್ಲಿ ಲಿಂಡಾ ಲಾ ಪ್ಲಾಂಟ್ ಬರೆದ ‘ವಿಡೋಸ್’ ದೂರದರ್ಶನ ಸರಣಿಯಲ್ಲಿ ಸತ್ತ ದರೋಡೆಕೋರರ ಹೆಂಡಂದಿರು ಗಂಡಂದಿರ ಯೋಜನೆಯನ್ನು ತಾವೇ ಕೈಗೆತ್ತಿಕೊಳ್ಳುತ್ತಾರೆ. ಅದೇ ಲೇಖಕಿ ಸೃಷ್ಟಿಸಿದ, ೧೯೯೧ರಲ್ಲಿ ಆರಂಭವಾದ ‘ಪ್ರೈಮ್ ಸಸ್ಪೆಕ್ಟ್’ ಸರಣಿಯಲ್ಲಿ ಮಿರೆನ್ ಪೊಲೀಸ್ ಅಧಿಕಾರಿಯಾದರು. ನಡುವೆ ೧೯೮೯ರಲ್ಲಿ ಪೀಟರ್ ಗ್ರೀನವೇ ಅವರ ‘ದಿ ಕುಕ್, ದಿ ಥೀಫ್, ಹಿಸ್ ವೈಫ್ ಅಂಡ್ ಹರ್ ಲವರ್’ ಚಿತ್ರದಲ್ಲಿ ಮತ್ತೊಬ್ಬ ಗೂಂಡಾನ ಹೆಂಡತಿಯಾಗಿ ಬಂದರು. ಅಲ್ಲಿಯ ಜಾರ್ಜಿನಾ ಕೊನೆಗೆ ಬಂದೂಕು ಹಿಡಿದು ಗಂಡನನ್ನು ಕೊಲ್ಲುತ್ತಾಳೆ. ಆ ಅಂತ್ಯ ಪ್ರೇಕ್ಷಕನಿಗೆ ಹೆಚ್ಚಿನ ತೃಪ್ತಿ ಕೊಡುತ್ತದೆಂಬುದರಲ್ಲಿ ಸಂದೇಹವಿಲ್ಲ. ಆದರೂ ಎರಡು ಪಾತ್ರಗಳನ್ನು ಎದುರುಬದುರಿಗಿಟ್ಟು ನೋಡಿದಾಗ ನನಗೆ ವಿಕ್ಟೋರಿಯಾಳೇ ಹೆಚ್ಚು ತೊಡಕಿನವಳೆನಿಸುತ್ತಾಳೆ. ಜಾರ್ಜಿನಾ ಬಲಿಪಶು, ಆಮೇಲೆ ಸೇಡಿನ ಮೂರ್ತಿ. ವಿಕ್ಟೋರಿಯಾ ಪಾಲುದಾರಳು. ಆಕೆಯ ಜಾಣತನವನ್ನು ಮೆಚ್ಚುವಾಗ ಅದು ಯಾವ ಹಣವನ್ನು ಸಭ್ಯವಾಗಿಸಲು ದುಡಿಯುತ್ತಿದೆ ಎಂಬುದನ್ನು ನಾವು ಮರೆಯುವಂತಿಲ್ಲ.

ಚಿತ್ರದ ಅಂತಿಮ ದೃಶ್ಯದಲ್ಲಿ ಹೆರಾಲ್ಡ್ ಸೆವಾಯ್ ಹೋಟೆಲಿನಲ್ಲಿ, ಗಂಟುಮೂಟೆ ಕಟ್ಟುತ್ತಿರುವ ಅಮೆರಿಕನ್ನರನ್ನು ಹೀಯಾಳಿಸಿ, ಗೆದ್ದವನಂತೆ ಹೊರಬಂದು ಕಾರು ಹತ್ತುತ್ತಾನೆ. ಕಾರು ಅವನದಲ್ಲ. ಮುಂದಿನ ಆಸನದಿಂದ ಎದ್ದು ಅವನತ್ತ ಪಿಸ್ತೂಲು ಹಿಡಿಯುವ ತರುಣ, ಆಗಿನ್ನೂ ಹೊಸಬರಾಗಿದ್ದ ಪಿಯರ್ಸ್ ಬ್ರಾಸ್ನನ್. ಅದೇ ಕ್ಷಣದಲ್ಲಿ ಹೆರಾಲ್ಡ್‌ಗೆ ಇನ್ನೊಂದು ಕಾರು ಕಾಣುತ್ತದೆ. ಅದರಲ್ಲಿ ವಿಕ್ಟೋರಿಯಾ ಅಪರಿಚಿತರ ಹಿಡಿತದಲ್ಲಿ ಕೊಸರಾಡುತ್ತಿದ್ದಾಳೆ. ಆ ಬಳಿಕ ಫ್ರಾನ್ಸಿಸ್ ಮಂಕ್‌ಮನ್ ಅವರ ಸಂಗೀತದೊಡನೆ ಕ್ಯಾಮೆರಾ ಹೆರಾಲ್ಡ್‌ನ ಮುಖದ ಮೇಲೆ ಬಹಳ ಹೊತ್ತು ನಿಲ್ಲುತ್ತದೆ. ಕೋಪ, ಭಯ, ಮೆಚ್ಚುಗೆ, ಶರಣಾಗತಿ ಎಲ್ಲವೂ ಒಂದೂ ಮಾತಿಲ್ಲದೆ ಆ ಮುಖದ ಮೇಲೆ 	ಹಾದುಹೋಗುತ್ತವೆ. ಬ್ರಿಟಿಷ್ ಸಿನಿಮಾದ ಅತ್ಯುತ್ತಮ ಅಂತ್ಯಗಳಲ್ಲಿ ಇದೊಂದೆಂದು ಸಹಜವಾಗಿಯೇ ಹೆಸರಾಗಿದೆ.

ಮೊದಲ ಸಲ ನೋಡಿದಾಗ ಚಿತ್ರ ಇಲ್ಲಿ ವಿಕ್ಟೋರಿಯಾಳನ್ನು ಕೈಬಿಟ್ಟಿತೆಂದು ನನಗೆ ಅನ್ನಿಸಿತ್ತು. ಅವನಿಗೆ ನಿಮಿಷಗಟ್ಟಲೆ ಮುಖ, ಆಕೆಗೆ ಕಿಟಕಿಯ ಗಾಜಿನಾಚೆಯ ಒಂದು ನೋಟ. ಈ ಅಸಮತೆ ನಿಜ, ಅದನ್ನು ಸಮರ್ಥಿಸಲು ನಾನು ಹೊರಟಿಲ್ಲ. ಆದರೆ ಮತ್ತೆ ಮತ್ತೆ ನೋಡಿದಾಗ ಇನ್ನೊಂದು ವಿವರ ಕಣ್ಣಿಗೆ ಬೀಳುತ್ತದೆ. ಇಡೀ ಚಿತ್ರದಲ್ಲಿ ಹೆರಾಲ್ಡ್‌ನ ಪರವಾಗಿ ಮಾತನಾಡಿದವಳು ಆಕೆ. ಅವನಿಗೆ ಅತಿ ಹೆಚ್ಚು ಮಾತು ಬೇಕಾದ ಈ ಗಳಿಗೆಯಲ್ಲಿ ಶತ್ರುಗಳು ಇಬ್ಬರನ್ನೂ ಒಂದೇ ಕಾರಿನಲ್ಲಿ ಒಯ್ಯುವುದಿಲ್ಲ. ಅವಳನ್ನು ಬೇರೆ ಕಾರಿನಲ್ಲಿ, ಬೇರೆ ದಾರಿಯಲ್ಲಿ ಕರೆದೊಯ್ಯುತ್ತಾರೆ. ಹೆರಾಲ್ಡ್‌ನ ಗತಿ ಏನೆಂದು ಪ್ರೇಕ್ಷಕ ಊಹಿಸಬಲ್ಲ. ವಿಕ್ಟೋರಿಯಾಳ ಕಾರು ಎಲ್ಲಿಗೆ ಹೋಯಿತೆಂಬುದನ್ನು ಚಿತ್ರ ಹೇಳುವುದಿಲ್ಲ.